ಕಟ್ಟದ ಮನೆಯ ನೆರಳು

ನೆರಳಿನ ಮೇಲೆ ಇಟ್ಟಿಗೆ ಇಡುವ ಪದ್ಧತಿಯನ್ನು ನಮ್ಮೂರಿಗೆ ಯಾವ ಪುಣ್ಯಾತ್ಮ ತಂದನೋ ನನಗೆ ಗೊತ್ತಿಲ್ಲ. ಕೈಗೆ ಸಿಕ್ಕಿದ್ದರೆ ಅವನಿಗೆ ಸರಿಯಾಗಿ ಮಂಗಳಾರತಿ ಎತ್ತುತ್ತಿದ್ದೆ. ನಾನು ಪುಟ್ಟತಾಯಿ, ಗಾರೆ ಕೆಲಸದ ಕಂಟ್ರಾಕ್ಟರು. ಹೆಂಗಸು ಕಂಟ್ರಾಕ್ಟರೇ ಎಂದು ಹುಬ್ಬೇರಿಸುವವರು ಏರಿಸಿಕೊಳ್ಳಲಿ. ನಾನು ಎಬ್ಬಿಸಿದ ಗೋಡೆಗೆ ಒರಗಿಕೊಂಡು ಈ ಊರಿನ ಅರ್ಧ ಜನ ಕಾಫಿ ಕುಡಿಯುತ್ತಾರೆ, ಹುಬ್ಬೇರಿಸಿದವರೂ ಅವರಲ್ಲಿದ್ದಾರೆ.

ನಮ್ಮಲ್ಲಿ ಪುರಸಭೆಯವರು ಮನೆ ಕಟ್ಟುವ ಪರವಾನಗಿಗೆ ಮೊಹರು ಒತ್ತಿದ ಕ್ಷಣವೇ ಆ ಸೈಟಿನಿಂದ ಮನೆಯ ನೆರಳು ಬೀಳುತ್ತದೆ. ಮನೆ ಇರುವುದಿಲ್ಲ, ನೆರಳು ಇರುತ್ತದೆ. ಬೆಳಿಗ್ಗೆ ಪಶ್ಚಿಮಕ್ಕೆ ಉದ್ದವಾಗಿ ಚಾಚಿಕೊಂಡು, ಮಧ್ಯಾಹ್ನ ಮುದುಡಿ, ಸಂಜೆ ಪೂರ್ವಕ್ಕೆ ಹೊರಳಿಕೊಳ್ಳುತ್ತದೆ. ಮೋಡ ಕವಿದ ದಿನ ಕಾಣುವುದಿಲ್ಲ. ಅವತ್ತು ನಮ್ಮಂಥವರಿಗೆ ರಜೆ. ಪಾಯಕ್ಕೆ ಗುದ್ದಲಿ ಬಿದ್ದ ಮೇಲೆ ಈ ಕಾಗದದ ನೆರಳು ಮಾಯ. ಆಮೇಲೆ ಗೋಡೆ ಎಷ್ಟು ಎದ್ದಿದೆಯೋ ಅಷ್ಟರದೇ ನೆರಳು, ಎಲ್ಲ ಊರಿನಲ್ಲಿ ಬೀಳುವ ಹಾಗೆ. ಜನ ಇದಕ್ಕೆ ಎಂದೋ ಒಗ್ಗಿಕೊಂಡಿದ್ದಾರೆ. ಮಜ್ಜಿಗೆ ಮಾರುವವಳು ಹೊಸ ನೆರಳು ಹುಡುಕಿಕೊಂಡು ಗಡಿಗೆ ಹೊತ್ತು ತಿರುಗುತ್ತಾಳೆ, ಚಪ್ಪಲಿ ಹೊಲಿಯುವವನು ನೆರಳಿನ ಜೊತೆಯಲ್ಲೇ ತನ್ನ ಗೋಣಿಚೀಲ ಸರಿಸುತ್ತಾ ಹೋಗುತ್ತಾನೆ. ಗಂಡಿನ ಕಡೆಯವರು ಮನೆ ಕಟ್ಟುತ್ತಿದ್ದೇವೆ ಎಂದರೆ ಹೆಣ್ಣಿನ ಕಡೆಯವರು ಬಿಸಿಲ ಹೊತ್ತಿಗೆ ಹೋಗಿ ನೆರಳು ನೋಡಿಕೊಂಡು ಬಂದು ಆಮೇಲೆ ಮಾತು ಮುಂದುವರಿಸುತ್ತಾರೆ.

ಆದರೆ ಆ ನೆರಳಿನಿಂದ ಹೊಟ್ಟೆ ಹೊರೆಯುವವರು ನಾವು, ಕಟ್ಟಡದ ಕೆಲಸದವರು. ವಾರಕ್ಕೊಮ್ಮೆ ಪುರಸಭೆಯ ಗೋಡೆಯ ಬೋರ್ಡಿಗೆ ಪರವಾನಗಿ ಸಿಕ್ಕವರ ಹೆಸರು, ಸೈಟು, ಎಷ್ಟು ಅಂತಸ್ತು ಎಲ್ಲ ಬರೆದು ಅಂಟಿಸುತ್ತಾರೆ. ಅವತ್ತು ಅಲ್ಲಿ ನೋಡಬೇಕು ನೀವು, ನಲ್ಲಿಯ ಮುಂದಿನ ಜಗಳವೇ ವಾಸಿ. ಗಾರೆಯವರು, ಬಡಗಿಗಳು, ಗ್ರಿಲ್ಲಿನವರು, ನಲ್ಲಿ ಕೆಲಸದವರು, ಬಣ್ಣದವರು ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ಓದುತ್ತಾರೆ. ಓದಿದವರು ಸೈಟಿಗೆ ಓಡುತ್ತಾರೆ. ಗ್ರಿಲ್ಲಿನವನು ಕಿಟಕಿಯ ನೆರಳು ನೋಡುತ್ತಾನೆ, ನಲ್ಲಿಯವನು ಮೇಲಿನ ಟ್ಯಾಂಕಿನದು. ನಾವು ಗಾರೆಯವರು ಮಾತ್ರ ಕಂಕುಳಲ್ಲಿ ಒಂದು ಇಟ್ಟಿಗೆ ಇಟ್ಟುಕೊಂಡು ಓಡುತ್ತೇವೆ. ನೆರಳಿನೊಳಗೆ ಮೊದಲು ಯಾರ ಇಟ್ಟಿಗೆ ಕೂತಿತೋ ಅವರಿಗೇ ಯಜಮಾನರ ಹತ್ತಿರ ಕೆಲಸ ಕೇಳುವ ಹಕ್ಕು. ಅವರು ಕೈಬಿಡುವವರೆಗೆ ಇನ್ನೊಬ್ಬ ಮೇಸ್ತ್ರಿ ಆ ಬಾಗಿಲು ತಟ್ಟುವ ಹಾಗಿಲ್ಲ. ನೆರಳು ಯಾರ ಜಾಗದ ಮೇಲೆ ಬಿದ್ದಿದ್ದರೂ ಸರಿಯೆ, ಇಟ್ಟಿಗೆ ನೆರಳಿನೊಳಗಿದ್ದರೆ ಆಯಿತು. ಈ ಕಡೆಯ ಮಾತೇ ಎಲ್ಲ ಅನಾಹುತಕ್ಕೂ ಮೂಲ.

ಆ ವಾರದ ಪಟ್ಟಿಯಲ್ಲಿ ಗುರುಪಾದಪ್ಪನ ಹೆಸರಿತ್ತು. ಊರಾಚೆ ಲೇಔಟು ಮಾಡಿಸಿರುವ ದೊಡ್ಡ ಕುಳ. ಪೇಟೆಬೀದಿಯ ಹಿಂದಿನ ಓಣಿಯಲ್ಲಿ ಅವನದೊಂದು ಸೈಟಿದೆ, ಅದಕ್ಕೆ ಮೂರಂತಸ್ತಿನ ಪರವಾನಗಿ. ಬೋರ್ಡಿನ ಮುಂದೆ ಎಲ್ಲರ ಕಣ್ಣೂ ಅರಳಿಹೋಯಿತು. ನನ್ನ ಎದುರಾಳಿ ಸಣ್ಣರಂಗಯ್ಯ ಹೆಗಲ ಮೇಲಿನ ಟವೆಲು ಬಿದ್ದದ್ದನ್ನೂ ನೋಡದೆ ಓಡಿದ. ನಾನು ಸೀರೆ ಎತ್ತಿ ಕಟ್ಟಿದವಳೇ ಮೀನಿನ ಮಾರ್ಕೆಟ್ಟಿನ ಒಳಗಿಂದ ಅಡ್ಡ ಹಾಯ್ದು ಅವನಿಗಿಂತ ಮುಂಚೆ ಮುಟ್ಟಿದೆ. ಬೆಳಗಿನ ಹೊತ್ತು. ಮೂರಂತಸ್ತಿನ ನೆರಳು ಸೈಟು ದಾಟಿ ಪಶ್ಚಿಮದ ಪಕ್ಕದ ಹಿತ್ತಲನ್ನು ಪೂರ್ತಿ ಮುಚ್ಚಿಕೊಂಡು ಬಿದ್ದಿತ್ತು. ಆ ಹಿತ್ತಲಿನೊಳಗೆ ನುಗ್ಗಿ ನನ್ನ ಇಟ್ಟಿಗೆ ಕುಕ್ಕಿದೆ. ಕುಕ್ಕಿದ ಮೇಲೆ ಗೊತ್ತಾಯಿತು, ಅದು ಕೂತಿರುವುದು ಹಾಸಿದ ಹಳೇ ಸೀರೆಯೊಂದರ ಮೇಲೆ, ಆ ಸೀರೆಯ ಮೇಲೆ ಸಾಲಾಗಿ ಉದ್ದಿನ ಹಪ್ಪಳ.

"ಏನವ್ವಾ ಇದು, ಒಣಗಾಕಿರೋ ಹಪ್ಪಳದ್ ಮೇಲೆ ಇಟ್ಟಿಗೆ ಮಡಗ್ತೀಯಲ್ಲ, ಕಣ್ ಕಾಣ್ಸಕಿಲ್ವಾ?" ಎಂದು ಒಬ್ಬಳು ತೆಳ್ಳನೆಯ ಮುದುಕಿ ಒಳಗಿಂದ ಬಂದಳು. ಅವಳೇ ದೇವೀರಮ್ಮ. ಊರಿನ ಮದುವೆ ಊಟಕ್ಕೆಲ್ಲ ಹಪ್ಪಳ ಸಂಡಿಗೆ ಹೋಗುವುದು ಅವಳ ಮನೆಯಿಂದಲೇ ಎಂದು ಕೇಳಿದ್ದೆ, ಮುಖ ನೋಡಿರಲಿಲ್ಲ. ನನಗೆ ನಾಚಿಕೆಯಾಯಿತು. ಇಟ್ಟಿಗೆಯನ್ನು ಬೇಲಿಯ ಬದಿಗೆ, ನೆರಳಿನೊಳಗೇ ಸರಿಸಿಟ್ಟೆ. "ತಪ್ಪಾಯ್ತು ದೇವೀರಮ್ಮೋರೇ, ಪಕ್ಕದಲ್ಲಿ ಮನೆ ಏಳ್ತದಲ್ಲ, ಆ ಕೆಲ್ಸಕ್ಕೆ ಬಂದೆ" ಎಂದೆ. ಅವಳು ಮಸುಕಾದ ಹಿತ್ತಲನ್ನು ಒಮ್ಮೆ ನೋಡಿ, "ಹಂಗಾದ್ರೆ ಬೇಗ ಕಟ್ಬಿಡವ್ವಾ ನಮ್ಮಮ್ಮ, ಕಟ್ಟಿದ್ ಮನೆಯವರಾದ್ರೆ ತಾರಸಿ ಮೇಲೆ ಒಸಿ ಜಾಗ ಕೇಳ್ಬೋದು. ಈ ನೆರಳ ತಾವ ಏನ್ ಕೇಳಾನ?" ಎಂದಳು. ಅವಳ ಹಿತ್ತಲಿಗೆ ಪಶ್ಚಿಮದಲ್ಲಿ ಅವಳದೇ ಹೆಂಚಿನ ಮನೆ, ಮಧ್ಯಾಹ್ನದ ಮೇಲೆ ಅದರ ನೆರಳು. ಬೆಳಗಿನ ಬಿಸಿಲೊಂದೇ ಅವಳ ಬಂಡವಾಳ. ಅದೂ ಈಗ ಹೋಯಿತು.

ನಾನು ಅಂದೇ ಗುರುಪಾದಪ್ಪನ ಮನೆಗೆ ಹೋದೆ. ಜಗಲಿಯ ಮೇಲೆ ಕೂರಿಸಿ ಕಾಫಿ ಕೊಡಿಸಿದ. ಮೊದಲ ಇಟ್ಟಿಗೆ ನನ್ನದು ಎಂದೆ. ಬಹಳ ಸಂತೋಷ, ನೋಡೋಣ ಎಂದ. ಮುಂದಿನ ವಾರ ಹೋದಾಗ ಎಂಜಿನಿಯರು ಊರಲ್ಲಿಲ್ಲ ಎಂದ. ಅದರ ಮುಂದಿನ ವಾರ ಆಷಾಢ ಕಳೆಯಲಿ ಎಂದ. ಆಷಾಢ ಕಳೆದ ಮೇಲೆ ಮರಳು ಸಿಗುತ್ತಿಲ್ಲ ಎಂದ. ಮರಳು ನಾನೇ ತರಿಸುತ್ತೇನೆ ಎಂದರೆ ನಕ್ಕ. ನಾನೂ ಇಂಥವರನ್ನು ಬೇಕಾದಷ್ಟು ನೋಡಿದವಳೇ. ಮನೆ ಕಟ್ಟುವವನಿಗೆ ಒಂದು ಆತುರ ಇರುತ್ತದೆ. ಸಂಜೆಯಾದರೆ ಸೈಟಿನ ಹತ್ತಿರ ಬಂದು, ತನ್ನ ಮನೆಯ ನೆರಳಿನಲ್ಲಿ ಇದು ಅಡುಗೆಮನೆ ಇದು ದೇವರಮನೆ ಎಂದು ಹೆಂಡತಿಗೆ ತೋರಿಸುತ್ತಾ ಓಡಾಡುತ್ತಾನೆ. ಇವನು ಒಂದು ದಿನವೂ ಆ ಕಡೆ ತಲೆ ಹಾಕಿರಲಿಲ್ಲ.

ಅಷ್ಟರಲ್ಲಿ ನಾನು ಹಪ್ಪಳದ ಹಿತ್ತಲಿಗೆ ಹೋಗಿ ಬರುವುದು ರೂಢಿಯಾಗಿತ್ತು. ಇಟ್ಟಿಗೆ ಇದೆಯೋ ಇಲ್ಲವೋ ನೋಡಬೇಕಲ್ಲ. ಹೋದಾಗಲೆಲ್ಲ ದೇವೀರಮ್ಮ ಹಪ್ಪಳದ ಮೊರ ಹಿಡಿದುಕೊಂಡು ಬಿಸಿಲು ಹುಡುಕುತ್ತಿರುತ್ತಿದ್ದಳು. ರಸ್ತೆಯಲ್ಲಿ ಹಾಕಿದರೆ ದನ, ಪಕ್ಕದವರ ತಾರಸಿಯಲ್ಲಿ ಹಾಕಿದರೆ ಸೊಸೆಯಂದಿರ ಮುಖ ಸಿಂಡರಿಕೆ. ಅರೆ ಒಣಗಿದ ಹಪ್ಪಳಕ್ಕೆ ಬೂಷ್ಟು ಹಿಡಿಯಿತು. ಒಂದು ಮದುವೆ ಮನೆಯವರು ಬುಟ್ಟಿ ಸಮೇತ ವಾಪಸು ಕಳಿಸಿದರು. ಅವತ್ತು ಹೋದರೆ ಅವಳು ಆ ಬುಟ್ಟಿಯ ಮುಂದೆ ಕೂತಿದ್ದಳು. "ಬುಡವ್ವಾ, ಈ ಶುಕ್ರವಾರ ರಿಜಿಸ್ಟ್ರಿ. ಹಿತ್ಲು ಗುರುಪಾದಪ್ಪೋರಿಗೇ ಬರ್ಕೊಟ್ಬುಡ್ತೀನಿ. ಎರಡು ವರ್ಷದಿಂದ ಕೇಳ್ತಾನೇ ಅವ್ರೆ, ಈ ಹಿತ್ಲ ಒಂದು ಮಗ್ಗುಲು ಪೇಟೆಬೀದಿಗೆ ತಾಕ್ತದಲ್ಲ, ಅವರ ಸೈಟಿಗೆ ಆ ಕಡೆ ಬಾಗಿಲು ಬೇಕಂತೆ. ನಾನೇ ಆಗಾಕಿಲ್ಲ ಅಂತಿದ್ದೆ. ಬಿಸಿಲಿಲ್ದಿರೋ ಹಿತ್ಲು ಇಟ್ಕೊಂಡು ನಾನೇನ್ ಮಾಡ್ಲಿ? ಹಿತ್ಲು ಹೋದ್ ಮೇಲೆ ಹಪ್ಪಳದ್ ದುಡಿಮೇನೂ ಹೋಯ್ತು, ಅಕ್ಕನ ಮಗಳ ಮನೆ ಸೇರ್ಕಬೇಕು. ಅವಳು ಒಂದು ತುತ್ತು ಹಾಕ್ತಾಳೆ, ನೂರು ಮಾತೂ ಹಾಕ್ತಾಳೆ" ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲವೇನೋ.

ನನ್ನ ಮೈಯೆಲ್ಲ ಉರಿದುಹೋಯಿತು. ನೇರ ಗುರುಪಾದಪ್ಪನ ಜಗಲಿ ಹತ್ತಿ ನಿಂತೆ. ಈ ಸಲ ಕಾಫಿ ಬೇಡವೆಂದೆ. "ನೀವು ಆ ಮನೆ ಕಟ್ತೀರೋ ಇಲ್ವೋ, ಒಂದೇ ಮಾತು ಹೇಳಿ" ಎಂದೆ. ಅವನು ಎಲೆಗೆ ಸುಣ್ಣ ಹಚ್ಚುತ್ತಾ, ಎಷ್ಟು ಸಮಾಧಾನವಾಗಿ ಹೇಳಿದ ಗೊತ್ತೇ? "ಕಟ್ಟೋದ್ಯಾಕಮ್ಮಾ ಪುಟ್ಟತಾಯಿ? ನೆರಳು ಬಿದ್ದಿದೆಯಲ್ಲ, ನನಗಷ್ಟು ಸಾಕು. ಹಿತ್ಲು ಕೈಗೆ ಬರ್ಲಿ, ಆಮೇಲೆ ಪೇಟೆಬೀದಿಗೆ ಮುಖ ಮಾಡಿ ಕಾಂಪ್ಲೆಕ್ಸೇ ಕಟ್ಟೋಣ. ಆಗ ನಿನ್ನನ್ನ ಮರೀತೀನಾ?" ನೀವೇ ಹೇಳಿ, ಇಂಥ ಮಾತಿಗೆ ಏನೆನ್ನಬೇಕು? ಒಂದು ಮುದುಕಿಯ ಬಿಸಿಲು ಕದ್ದಿದ್ದೇನೆ ಎಂದು ಒಪ್ಪಿಕೊಂಡು, ಅದೇ ಉಸಿರಿನಲ್ಲಿ ನನಗೆ ಕೆಲಸದ ಆಸೆ ತೋರಿಸುತ್ತಾನೆ! ಇವನ ಮನೆ ಹಾಳಾಗ ಎಂದು ಬೈಯೋಣವೆಂದರೆ ಮನೆಯನ್ನೇ ಕಟ್ಟದವನಿಗೆ ಆ ಬೈಗುಳವೂ ತಟ್ಟುವುದಿಲ್ಲ.

ಅಲ್ಲಿಂದ ಪುರಸಭೆಗೆ ಹೋದೆ. ಪರವಾನಗಿ ಕೊಡುವ ಸಾಹೇಬರು ಫ್ಯಾನಿನ ಕೆಳಗೆ ಕೂತಿದ್ದರು. ಕಟ್ಟುವ ಮನಸ್ಸೇ ಇಲ್ಲದವನಿಗೆ ಪರವಾನಗಿ ಯಾಕೆ, ರದ್ದು ಮಾಡಿ ಎಂದೆ. ಅವರು ಕನ್ನಡಕ ಏರಿಸಿ, "ಸೈಟಿನ ನೆರಳಲ್ಲಿ ಮೇಸ್ತ್ರಿ ಇಟ್ಟಿಗೆ ಇದೆಯಲ್ಲಮ್ಮಾ. ಇಟ್ಟಿಗೆ ಇದ್ರೆ ಕೆಲಸ ನಡೀತಿದೆ ಅಂತ ಲೆಕ್ಕ. ನಡೀತಿರೋ ಕೆಲಸಾನ ರದ್ದು ಮಾಡೋಕೆ ಬರಲ್ಲ" ಎಂದರು. ಅದು ನನ್ನದೇ ಇಟ್ಟಿಗೆ ಸಾರ್ ಎಂದೆ. "ಹಾಗಾದ್ರೆ ತೆಗೀರಿ, ತೆಗೆದ ಮೇಲೆ ಬನ್ನಿ" ಎಂದು ಮುಖ ತಿರುಗಿಸಿದರು. ಆ ಮುದುಕಿಯ ಕುತ್ತಿಗೆಗೆ ಬಿದ್ದಿದ್ದ ಹಗ್ಗದ ಒಂದು ತುದಿ ನನ್ನ ಕೈಯಲ್ಲೇ ಇತ್ತು.

ತೆಗೆದೆ. ಮಾರನೆಯ ದಿನ ಬೆಳಿಗ್ಗೆ ಹೋಗಿ, ದೇವೀರಮ್ಮನ ಕಣ್ಣೆದುರಿಗೇ ಇಟ್ಟಿಗೆ ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡೆ. ಬೇಲಿ ದಾಟಿರಲಿಲ್ಲ, ಹಿಂದೆ ಧೊಪ್ಪೆಂದು ಸದ್ದಾಯಿತು. ತಿರುಗಿ ನೋಡಿದರೆ ಸಣ್ಣರಂಗಯ್ಯ, ಅವನ ಇಟ್ಟಿಗೆ, ಅದೇ ಜಾಗದಲ್ಲಿ. ಇಷ್ಟು ದಿನ ಅವನು ಹೊಂಚು ಹಾಕಿಕೊಂಡೇ ಇದ್ದನಂತೆ. ನಾನು ಎಲ್ಲ ಬಿಡಿಸಿ ಹೇಳಿದೆ. ಗುರುಪಾದಪ್ಪ ಕಟ್ಟುವುದಿಲ್ಲ, ಈ ತಾಯಿಯ ಹಿತ್ತಲು ನುಂಗಲು ಹೂಡಿರುವ ಆಟ ಇದು, ನಾವು ಇಟ್ಟಿಗೆ ಇಟ್ಟಷ್ಟು ದಿನ ಅವನ ಕೈ ಮೇಲೆ, ಎಂದೆ. ಸಣ್ಣರಂಗಯ್ಯ ತಲೆ ಕೆರೆದುಕೊಂಡು, "ನೀನ್ ಹೇಳೋದು ಸರೀನೇ ಪುಟ್ತಾಯಕ್ಕಾ. ಆದ್ರೆ ನಾನ್ ಇಡದಿದ್ರೆ ಇನ್ನೊಬ್ಬ ಇಡ್ತಾನೆ. ಕಾಂಪ್ಲೆಕ್ಸ್ ಕಟ್ಟಿಸೋ ಕಾಲಕ್ಕೆ ನಮ್ಮಿಟ್ಟಿಗೆ ಇರ್ಲಿ ಅಂತ" ಎಂದ. ಬೇಲಿಯಾಚೆ ಇನ್ನೂ ಇಬ್ಬರು ಕಂಕುಳಲ್ಲಿ ಇಟ್ಟಿಗೆ ಇಟ್ಟುಕೊಂಡು ಏನೂ ಗೊತ್ತಿಲ್ಲದವರ ಹಾಗೆ ಆಕಾಶ ನೋಡುತ್ತಾ ನಿಂತಿದ್ದರು.

ನನಗೆ ಗುರುಪಾದಪ್ಪನ ಮೇಲೆ ಬಂದ ಸಿಟ್ಟಿಗಿಂತ ಹೆಚ್ಚಿನ ಸಿಟ್ಟು ಇವರ ಮೇಲೆ ಬಂತು. ಇವರೆಲ್ಲ ನನ್ನ ಜೊತೆ ಬುತ್ತಿ ಬಿಚ್ಚಿ ಉಂಡವರು, ಒಂದೇ ಸಾರವೆಯ ಹಲಗೆಯ ಮೇಲೆ ಪಕ್ಕಪಕ್ಕ ನಿಂತು ಗಾರೆ ಮೆತ್ತಿದವರು. ಥೂ ನಿಮ್ಮ ಜನ್ಮಕ್ಕೆ ಎಂದವಳೇ ಸಣ್ಣರಂಗಯ್ಯನ ಇಟ್ಟಿಗೆ ಎತ್ತಿ ಓಣಿಗೆ ಎಸೆದು, ಆ ಜಾಗದಲ್ಲಿ ನನ್ನದನ್ನು ಮತ್ತೆ ಕುಕ್ಕಿ, ಅದರ ಮೇಲೆ ಕಾಲು ಇಟ್ಟು ನಿಂತೆ. "ಇದು ನನ್ ಕೆಲ್ಸ. ನಾನ್ ಕೈಬಿಟ್ಟಿಲ್ಲ. ಯಾವನಾದ್ರೂ ಮುಟ್ಟಿ, ನೋಡ್ತೀನಿ" ಎಂದೆ. ದೇವೀರಮ್ಮ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಪಾಪ, ನಾನೂ ಅವರ ಜೊತೆಯವಳೇ ಎಂದುಕೊಂಡಳೋ ಏನೋ, ಒಳಗೆ ಹೋದಳು.

ಮಾಡಬೇಕಾದ್ದು ಏನೆಂದು ನನಗೆ ಆ ಕ್ಷಣವೇ ಗೊತ್ತಿತ್ತು. ಕೈ ಬರುತ್ತಿರಲಿಲ್ಲ, ಅಷ್ಟೆ. ಯಜಮಾನ ತಾಂಬೂಲ ಕೊಟ್ಟು ಕೆಲಸ ಒಪ್ಪಿಸದೆ ಅವನ ಸೈಟಿಗೆ ಗುದ್ದಲಿ ಹಾಕಿದ ಮೇಸ್ತ್ರಿ ನಮ್ಮೂರಿನಲ್ಲಿ ಇವತ್ತಿನವರೆಗೆ ಹುಟ್ಟಿಲ್ಲ. ಹಾಗೆ ಹಾಕಿದವರನ್ನು ಮತ್ತೆ ಯಾರು ನಂಬುತ್ತಾರೆ? ನನ್ನ ಗುಂಪಿನ ಹೆಂಗಸರನ್ನು ಕರೆದು ಕೂರಿಸಿ, ಇದು ಹೀಗೆ, ನಾಳೆಯಿಂದ ನಮಗೆ ಕೆಲಸ ಸಿಗದೆ ಹೋಗಬಹುದು, ಬರುವವರು ಬನ್ನಿ ಎಂದೆ. ಅವರಲ್ಲಿ ಮಾರಕ್ಕ ಎಂಬುವಳು ಜಲ್ಲಿ ಹೊರುವವಳು, ಬಾಯಿ ಜೋರು. "ಅಯ್ಯೋ ಬಾರಕ್ಕಾ, ಅವನ ಜಗಲಿ ಮೇಲೆ ಕಾಫಿ ಕುಡ್ಕೊಂಡ್ ಬಂದಿದ್ದು ನೀನು, ನಮಗೇನ್ ಋಣ?" ಎಂದು ಗುದ್ದಲಿ ಹೆಗಲಿಗೇರಿಸಿದಳು. ನಗು ಬಂತು. ಆ ವಾರವೆಲ್ಲ ನಾನು ನಕ್ಕಿದ್ದು ಅದೊಂದೇ ಸಲ.

ಗುರುವಾರ ಬಿಸಿಲು ಏರುತ್ತಿದ್ದ ಹಾಗೆ ಗುರುಪಾದಪ್ಪನ ಸೈಟಿಗೆ ಇಳಿದೆವು. ದಾರ ಹಿಡಿದು, ಗೂಟ ಹೊಡೆದು, ಸರಿಯಾಗಿ ಪಾಯದ ಗುರುತು ಹಾಕಿದೆ. ಕದ್ದು ಗುಂಡಿ ತೋಡಿದರು ಎಂದು ಯಾರೂ ಅನ್ನಬಾರದು ನೋಡಿ. ಮೊದಲ ಗುದ್ದಲಿ ನಾನೇ ಹಾಕಿದೆ. ಮಣ್ಣು ಗಟ್ಟಿಯಾಗಿತ್ತು, ಮೊದಲ ಏಟಿಗೆ ಕಿಡಿ ಹಾರಿತು, ಎರಡನೆಯದಕ್ಕೆ ಒಂದು ಹೆಂಟೆ ಎದ್ದಿತು. ಹೆಂಟೆ ಏಳುವುದಕ್ಕೂ ಮೂರಂತಸ್ತಿನ ನೆರಳು ಹೋಗುವುದಕ್ಕೂ ಸರಿಹೋಯಿತು. ಟ್ಯಾಂಕಿಲ್ಲ, ಪ್ಯಾರಪೆಟ್ಟಿಲ್ಲ, ಕಿಟಕಿಯಿಲ್ಲ. ಬಿಸಿಲು ಬೇಲಿ ದಾಟಿ ದೇವೀರಮ್ಮನ ಹಿತ್ತಲಿಗೆ ಬಿತ್ತು.

ಅವಳು ಹೊರಗೆ ಬಂದಳು. ಕೈ ಹಣೆಗೆ ಅಡ್ಡ ಹಿಡಿದು ಒಮ್ಮೆ ಮೇಲೆ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಕೈ ಮುಗಿಯುತ್ತಾಳೇನೋ ಎಂದು ನಾನು ಮುಜುಗರಪಡುತ್ತಿದ್ದರೆ ಅವಳಿಗೆ ಅದಕ್ಕೆಲ್ಲ ಪುರುಸೊತ್ತು ಎಲ್ಲಿ? ಓಡಿದವಳೇ ಒಳಗಿಂದ ಸೀರೆ ತಂದು ಹಾಸಿದಳು. ಹಿಂದಿನ ದಿನ ಲಟ್ಟಿಸಿ ನಡುಮನೆಯಲ್ಲಿ ಹರವಿದ್ದ ಹಪ್ಪಳವನ್ನೆಲ್ಲ ಮೊರಗಟ್ಟಲೆ ಹೊತ್ತು ತಂದಳು. "ಮಾರಕ್ಕಾ, ಒಂದ್ ಕೈ ಹಾಕವ್ವಾ, ಬಿಸಿಲು ಹೋಯ್ತದೆ" ಎಂದು ನಮ್ಮ ಆಳನ್ನೇ ಕರೆದಳು. ಹಿತ್ತಲ ತುಂಬ ಹಪ್ಪಳವಾಯಿತು.

ಸುದ್ದಿ ಹೋಗುವುದಕ್ಕೆ ಎಷ್ಟು ಹೊತ್ತು? ಗುರುಪಾದಪ್ಪ ಬಂದ. ಅವನ ಹಿಂದೆ ಪುರಸಭೆಯ ಸಾಹೇಬರು, ಅವರ ಹಿಂದೆ ಊರಿನ ಮೇಸ್ತ್ರಿಗಳೆಲ್ಲ. "ಯಾರ್ ಹೇಳಿದ್ರು ನಿನಗೆ ಅಗಿಯೋಕೆ? ಯಾರಪ್ಪಂದು ಅಂತ ಅಗಿದೆ?" ಎಂದು ಕೂಗಾಡಿದ. ನಾನು ಗುದ್ದಲಿ ಊರಿ ನಿಂತು, "ಮೂರಂತಸ್ತು ಕಟ್ತೀನಿ ಅಂತ ಬರೆದು ಮೊಹರು ಹಾಕ್ಸಿದ್ದು ನೀವು. ಕೆಲಸ ನಡೀತಿದೆ ಅಂದಿದ್ದು ಈ ಸಾಹೇಬ್ರು. ನಾನು ಕೆಲಸ ನಡೆಸ್ತಾ ಇದೀನಿ. ಸುಳ್ಳಾಗಿದ್ರೆ ಯಾರದ್ದು ಸುಳ್ಳು ಅಂತ ಇಲ್ಲೇ ಹೇಳ್ಬಿಡಿ" ಎಂದೆ. ಸಾಹೇಬರು ನನ್ನ ಕಣ್ಣು ತಪ್ಪಿಸಿ, ಪಾಯ ತೆಗೆದ ಮೇಲೆ ಆ ಪರವಾನಗಿಯ ನೆರಳು ಮುಗಿಯಿತು, ಬೇಕಾದರೆ ಪಾಯ ಮುಚ್ಚಿಸಿ ಹೊಸದಾಗಿ ಅರ್ಜಿ ಹಾಕಿಕೊಳ್ಳಿ ಎಂದು ಗುರುಪಾದಪ್ಪನಿಗೆ ಮೆಲ್ಲಗೆ ಹೇಳಿದರು. ಕೊಡುವುದಿಲ್ಲ ಎನ್ನಲಿಲ್ಲ ನೋಡಿ! ಹೊಸದಾಗಿ ಹಾಕಿಕೊಳ್ಳಿ ಎಂದರು. ಇಷ್ಟೆಲ್ಲ ಕಣ್ಣಾರೆ ಕಂಡ ಮೇಲೂ!

ಗುರುಪಾದಪ್ಪ ಮೇಸ್ತ್ರಿಗಳ ಕಡೆ ತಿರುಗಿದ. "ಇದನ್ನ ಈಗಿಂದೀಗ್ಲೇ ಮುಚ್ಚಿ. ಮುಚ್ಚಿದವನಿಗೆ ನನ್ನ ಲೇಔಟಿನ ಅಷ್ಟೂ ಮನೆ ಕೆಲಸ. ಬೋರ್ಡು ನೋಡೋದು ಬೇಡ, ಇಟ್ಟಿಗೆ ಹೊರೋದು ಬೇಡ. ಈ ಹೆಂಗಸಿಗೆ ಮಾತ್ರ ಈ ಊರಲ್ಲಿ ಒಂದು ಗೂಡು ಕಟ್ಟೋ ಕೆಲಸವೂ ಸಿಕ್ಕಬಾರದು" ಎಂದ. ಸಣ್ಣರಂಗಯ್ಯ ಒಂದು ಹೆಜ್ಜೆ ಮುಂದೆ ಬಂದ. ಅವನು ಪಾಯದ ಅಂಚಿಗೆ ಬಂದು, ಒಳಗೆ ಬಗ್ಗಿ ನೋಡಿ, ಹಿಂದಕ್ಕೆ ಸರಿದ. "ತೋಡಿದ ಪಾಯ ಮುಚ್ಚೋಕೆ ಕೈ ಬರಲ್ಲ ಸ್ವಾಮಿ. ನಮ್ಮಲ್ಲಿ ಹೆಣಕ್ಕೆ ತೋಡಿದ್ದನ್ನ ಮಾತ್ರ ಮುಚ್ಚೋದು" ಎಂದ. ಅದು ಒಳ್ಳೆಯತನವೋ, ಹೆದರಿಕೆಯೋ, ಬರೀ ನೇಮವೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಳ್ಳೆಯತನ ಎನ್ನುವಷ್ಟು ಧಾರಾಳ ನನ್ನಲ್ಲಿಲ್ಲ. ಆದರೆ ಒಬ್ಬನೂ ಮುಂದೆ ಬರಲಿಲ್ಲ.

ಗುರುಪಾದಪ್ಪನಿಗೆ ತಡೆಯಲಾಗಲಿಲ್ಲ. "ನೀವೆಲ್ಲಾ ಬೇಡ, ನಾನೇ ಮುಚ್ತೀನಿ" ಎಂದು ಬಿಳಿ ಪಂಚೆ ಎತ್ತಿ ಕಟ್ಟಿ, ಮಾರಕ್ಕನ ಕೈಯಿಂದ ಸಲಿಕೆ ಕಿತ್ತುಕೊಂಡ. ಪಾಯದ ಪಶ್ಚಿಮದ ಅಂಚಿನಲ್ಲಿ, ಬೇಲಿಗೆ ಬೆನ್ನು ಹಾಕಿ ನಿಂತ. ಒಂದು ಸಲಿಕೆ ಮಣ್ಣು ಎತ್ತಿದ, ಅರ್ಧ ಅವನ ಕಾಲ ಮೇಲೆಯೇ ಬಿತ್ತು. ಇನ್ನೊಂದು ಎತ್ತಿದ. ಬೆವರು ಸುರಿಯಿತು, ಮುಖ ಕೆಂಪಾಯಿತು. ಯಾರೂ ನಗಲಿಲ್ಲ.

ಆಗ ಬೇಲಿಯ ಆ ಕಡೆಯಿಂದ ದೇವೀರಮ್ಮನ ದನಿ ಕೇಳಿತು. ಅವಳು ಹಪ್ಪಳ ಮಗುಚುತ್ತಾ ಕೂತಿದ್ದಳು, ತಲೆಯನ್ನೂ ಎತ್ತಲಿಲ್ಲ. "ಸ್ವಾಮೀ, ನಾಳೆ ನಾನು ರಿಜಿಸ್ಟ್ರಿಗೆ ಬರಾಕಿಲ್ಲ, ಕಾಯ್ಕೊಂಡ್ ಕೂರ್ಬೇಡಿ. ಈಗ ಒಸಿ ಆ ಕಡಿಕ್ ನಿಂತ್ಕಳಿ. ನಿಮ್ಮ ನೆರಳು ನನ್ ಹಪ್ಪಳದ್ ಮೇಲೆ ಬೀಳ್ತಾ ಅದೆ" ಎಂದಳು.

ಅವನು ಸಲಿಕೆ ಹಿಡಿದುಕೊಂಡೇ ಸರಿದು ನಿಂತ.